ಒಂದಾಣೆ ಸ್ಟ್ಯಾಂಪಿನ ಚೆಕ್ಕು

ಬ್ಯಾಂಕಿನ ಚೆಕ್ಕಿಗೂ ಒಂದು ಕಾಲದಲ್ಲಿ ಸರ್ಕಾರಕ್ಕೆ ತೆರಿಗೆ ಸಲ್ಲಬೇಕಿತ್ತು. ಬ್ರಿಟಿಷ್ ಇಂಡಿಯಾದ 1899ರ ಸ್ಟ್ಯಾಂಪ್ ಕಾಯ್ದೆಯ ಪ್ರಕಾರ ಅದು ಒಂದಾಣೆ. ಅದನ್ನು ಸಲ್ಲಿಸಲು ಎರಡು ದಾರಿಗಳಿದ್ದವು. ಚೆಕ್ ಪುಸ್ತಕದ ಹಾಳೆಗಳ ಮೇಲೆ ಮೊದಲೇ ಸರ್ಕಾರಿ ಮುದ್ರೆ ಒತ್ತಿಸಿಡುವುದು ಒಂದು; ಒಂದಾಣೆ ಸ್ಟ್ಯಾಂಪನ್ನು ಅಂಟಿಸಿ, ಅದರ ಮೇಲೆ ಹಾಯುವಂತೆ ಸಹಿ ಮತ್ತು ತಾರೀಖು ಬರೆದು ರದ್ದುಗೊಳಿಸುವುದು ಇನ್ನೊಂದು. ಬಳಸಿದ ಸ್ಟ್ಯಾಂಪನ್ನು ಕಿತ್ತು ಮತ್ತೆ ಬಳಸದಿರಲಿ ಎಂದೇ ಈ ಎರಡನೆಯ ನಿಯಮ. ವಿದೇಶದಲ್ಲಿ ಬರೆದ ಚೆಕ್ಕು ಇಲ್ಲಿ ನಗದಾಗುವುದಿದ್ದರೆ, ಅದನ್ನು ಇಲ್ಲಿ ಮೊದಲು ಕೈಗೆ ಪಡೆದವನೇ ಸ್ಟ್ಯಾಂಪು ಹಚ್ಚಬೇಕಿತ್ತು.

ಅಂಚೆ ಚೀಟಿ ಚೆಕ್ಕಿನ ಮೇಲೆ ಬಂದ ಬಗೆ ಕುತೂಹಲಕರ. ಇಂಗ್ಲೆಂಡಿನಲ್ಲಿ 1881ರಲ್ಲೇ ಅಂಚೆಗೂ ಕಂದಾಯಕ್ಕೂ ಒಂದೇ ಪೆನ್ನಿ ಚೀಟಿ ಸಾಕೆಂದಾಯಿತು. ಭಾರತದಲ್ಲಿ ಏಳನೇ ಎಡ್ವರ್ಡ್ ದೊರೆಯ ಅರ್ಧಾಣೆ, ಒಂದಾಣೆ ಚೀಟಿಗಳು 1906ರಲ್ಲಿ ‘ಪೋಸ್ಟೇಜ್ ಅಂಡ್ ರೆವಿನ್ಯೂ’ ಎಂಬ ಅಚ್ಚಿನೊಡನೆ ಬಂದವು. ಕಾಗದಕ್ಕೆ ಹಚ್ಚುವ ಚೀಟಿಯೇ ರಸೀತಿಗೂ ಚೆಕ್ಕಿಗೂ ಸಲ್ಲತೊಡಗಿತು.

ಶಿವಮೊಗ್ಗ, ಭದ್ರಾವತಿಗಳ ಮಾತು ಬೇರೆ. ಇವು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ವಿಲೀನವಾಯಿತು. ಆದರೆ ಸ್ಟ್ಯಾಂಪು ತೆರಿಗೆ ಸಂಸ್ಥಾನದ ಕೈಯಲ್ಲೇ ಉಳಿಯಿತು. ಹಾಗಾಗಿ ಶಿವಮೊಗ್ಗ ಸೀಮೆಯ ಹೊಳಲೂರಿನವರು ಬರೆದ ಕಾಗದಕ್ಕೆ ಬ್ರಿಟಿಷ್ ಇಂಡಿಯಾದ ಅಂಚೆ ಚೀಟಿ, ಬರೆದುಕೊಟ್ಟ ರಸೀತಿಗೆ ಮೈಸೂರಿನ ಸ್ಟ್ಯಾಂಪು. ಆಗುಂಬೆ ಘಾಟಿ ಇಳಿದರೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ. ಅಲ್ಲಿ ಎರಡಕ್ಕೂ ಒಂದೇ ಚೀಟಿ. ಕನ್ನಡ ನಾಡಿನ ಹಳೆಯ ವ್ಯವಹಾರದ ಕಾಗದಗಳನ್ನು ಕೂಡಿಡುವವರು ಮೊದಲು ನೋಡಬೇಕಾದದ್ದು ಈ ಗಡಿಯನ್ನೇ.

ಆ ಘಟ್ಟದ ಕೆಳಗೇ ಬ್ಯಾಂಕುಗಳು ಬೇಗ ಹುಟ್ಟಿದವು: 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಅದೇ ವರ್ಷ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ, 1924ರಲ್ಲಿ ಕರ್ಣಾಟಕ ಬ್ಯಾಂಕ್. ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಬ್ಯಾಂಕ್ ಆಫ್ ಮೈಸೂರು ಆರಂಭವಾಯಿತು.

ಈ ಬ್ಯಾಂಕುಗಳು ಬೇರೂರುವಷ್ಟರಲ್ಲಿ ಸ್ಟ್ಯಾಂಪಿನ ಚೆಕ್ಕಿನ ಕಾಲವೇ ಮುಗಿಯುತ್ತ ಬಂದಿತ್ತು. ಜನ ಬ್ಯಾಂಕಿನ ರೂಢಿಗೆ ಬರಬೇಕಾದರೆ ಈ ತೆರಿಗೆ ಹೋಗಬೇಕೆಂದು, ಭಾರತದ ಹಣಕಾಸು ವ್ಯವಸ್ಥೆಯನ್ನು ಪರಿಶೀಲಿಸಿದ ಹಿಲ್ಟನ್ ಯಂಗ್ ಆಯೋಗ 1926ರಲ್ಲಿ ಹೇಳಿತು. 1927ರ ಜುಲೈ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಚೆಕ್ಕಿನ ಮೇಲಿನ ಸುಂಕ ರದ್ದಾಯಿತು. ಇಂಗ್ಲೆಂಡಿನಲ್ಲಿ ಮಾತ್ರ ಅದು 1971ರವರೆಗೂ ಎಳೆಯಿತು.

ಅಮೆರಿಕದಲ್ಲಿ ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಚೆಕ್ಕಿಗೆ ಎರಡು ಸೆಂಟ್ ತೆರಿಗೆ ಬಿತ್ತು. ಅಲ್ಲಿ ಪಾವತಿಯಾದ ಚೆಕ್ಕು ಬರೆದವನಿಗೇ ಮರಳುತ್ತಿತ್ತು; ಮನೆಗಳ ಅಟ್ಟದಲ್ಲಿ ಕಟ್ಟುಕಟ್ಟಾಗಿ ಉಳಿದವು, ಇಂದಿಗೂ ಅಗ್ಗವಾಗಿ ಸಿಗುತ್ತವೆ. ಇಲ್ಲಿ ಪಾವತಿಯಾದ ಚೆಕ್ಕು ಬ್ಯಾಂಕಿನಲ್ಲೇ ಉಳಿಯುತ್ತದೆ. ಅದನ್ನು ಎಂಟು ವರ್ಷ ಕಾಯ್ದಿಟ್ಟರೆ ಸಾಕೆನ್ನುತ್ತದೆ 1985ರ ನಿಯಮ. ಸ್ಟ್ಯಾಂಪಿನ ಚೆಕ್ಕು ನಮ್ಮಲ್ಲಿ ವಿರಳವಾಗಲು ಸುಂಕದ ರದ್ದತಿಯಷ್ಟೇ ಈ ಪದ್ಧತಿಯೂ ಕಾರಣ.

ಹೊಳಲೂರಿನಂಥ ಭತ್ತ, ಅಡಿಕೆಯ ಸೀಮೆಯಲ್ಲಿ ಹಳೆಯ ಪೆಟ್ಟಿಗೆ ತೆರೆದರೆ ಚೆಕ್ಕಿಗಿಂತ ಪ್ರೋನೋಟು, ಮಂಡಿಯ ರಸೀತಿ ಸಿಗುವ ಸಂಭವವೇ ಹೆಚ್ಚು. ಚೆಕ್ಕಿಗೆ ಸುಂಕ ಹೋದರೂ ಇವೆರಡಕ್ಕೆ ಹೋಗಲಿಲ್ಲ. ಸ್ಟ್ಯಾಂಪಿಲ್ಲದ ಪ್ರೋನೋಟನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ದಂಡ ಕಟ್ಟಿ ಸರಿಪಡಿಸಲೂ ಬರುವುದಿಲ್ಲ. ಆದ್ದರಿಂದಲೇ ಸಾಲ ಕೊಟ್ಟವನು ಸ್ಟ್ಯಾಂಪಿನ ವಿಷಯದಲ್ಲಿ ಬಲು ಎಚ್ಚರ. ದಾವೆಗೆ ಮೂರು ವರ್ಷದ ವಾಯಿದೆ ಇರುವುದರಿಂದ, ಬಾಕಿ ಉಳಿದ ಸಾಲಕ್ಕೆ ಅಷ್ಟರೊಳಗೆ ಹೊಸ ನೋಟು ಬರೆಸಿಕೊಳ್ಳುವ ವಾಡಿಕೆ ಬೆಳೆಯಿತು. ಒಂದೇ ಸಾಲದ ನೋಟುಗಳಲ್ಲಿ ಮೊದಲು ಸಂಸ್ಥಾನದ ಸ್ಟ್ಯಾಂಪು, ಆಮೇಲೆ ಸ್ವತಂತ್ರ ಭಾರತದ ಆಣೆ, 1957ರ ನಂತರ ನಯಾ ಪೈಸೆ ಬರುವುದೂ ಸಾಧ್ಯ. ಸಂಗ್ರಾಹಕನಿಗೆ ಇಂಥದೊಂದು ಸರಣಿ ಸಿಕ್ಕರೆ ಬಿಡಿ ಚೆಕ್ಕಿಗಿಂತ ಮೇಲು.

ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ, 91ನೆಯ ಬಾಬಿನಲ್ಲಿ, ಸ್ಟ್ಯಾಂಪು ಸುಂಕದ ದರ ಗೊತ್ತುಮಾಡಬಹುದಾದ ದಸ್ತಾವೇಜುಗಳ ಸಾಲಿನಲ್ಲಿ ಚೆಕ್ಕು ಇನ್ನೂ ಇದೆ. ಸುಂಕ ಮಾತ್ರ ಇಲ್ಲ. ಈಗ ಐದು ಸಾವಿರ ರೂಪಾಯಿ ಮೀರಿದ ರಸೀತಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಬೇಕು.

ಅಂಚೆ ಚೀಟಿ ಕೂಡಿಡುವವರು ಮಸಿಯ ಸಹಿ ಬಿದ್ದ ಚೀಟಿಯನ್ನು ಕೆಟ್ಟದ್ದೆಂದು ಎಸೆಯುತ್ತಿದ್ದರು, ಇಲ್ಲವೆ ನೀರಿನಲ್ಲಿ ನೆನೆಸಿ ಬಿಡಿಸುತ್ತಿದ್ದರು. ರೆವಿನ್ಯೂ ಸ್ಟ್ಯಾಂಪಿನ ಸಂಗ್ರಹದಲ್ಲಿ ಅದು ತಪ್ಪು ದಾರಿ. ಬ್ಯಾಂಕಿನ ಹೆಸರು, ಊರು, ತಾರೀಖು, ಮೊತ್ತ, ಸಹಿ ಎಲ್ಲ ಇರುವುದು ಕಾಗದದ ಮೇಲೆ. ಚೀಟಿಯೊಂದೇ ಉಳಿದರೆ ಅದು ಎಲ್ಲಿಯದೆಂದು ಹೇಳಲಾಗದು. ಮನೆಯಲ್ಲಿ ಇಂಥ ಚೆಕ್ಕು, ನೋಟು, ರಸೀತಿ ಇದ್ದವರು ಸ್ಟ್ಯಾಂಪು ಕೀಳದೆ, ಪ್ಲಾಸ್ಟಿಕ್ ಲೇಪ ಮಾಡಿಸದೆ, ಇದ್ದ ಹಾಗೆಯೇ ಇಡುವುದು ಒಳ್ಳೆಯದು.