ಭೋಗನಂದಿಯ ಸೀಮೆಯಲ್ಲಿ ದ್ರಾಕ್ಷಿ

ಬೆಂಗಳೂರಿಗೆ ಉತ್ತರದಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ನಂದಿಬೆಟ್ಟಕ್ಕೆ ಇಬ್ಬರು ಒಡೆಯರು. ಬುಡದ ನಂದಿ ಗ್ರಾಮದಲ್ಲಿ ಇರುವವನು ಭೋಗನಂದೀಶ್ವರ. ನೆತ್ತಿಯ ಮೇಲೆ ಇರುವವನು ಯೋಗನಂದೀಶ್ವರ. ಭೋಗವನ್ನು ಕೆಳಗಿಟ್ಟು ಯೋಗವನ್ನು ಮೇಲಿಟ್ಟ ಹಿರಿಯರ ಏರ್ಪಾಡು ದೇವರ ವಿಷಯದಲ್ಲಿ ಮಾತ್ರವಲ್ಲ, ಮನುಷ್ಯರ ವಿಷಯದಲ್ಲೂ ನಿಜವಾಗಿರುವುದು ಒಂದು ವಿನೋದ. ಮೇಲೆ ಬೇಸಿಗೆಯ ಬಿಡಾರ ಮಾಡಿಕೊಂಡಿದ್ದ ಟಿಪ್ಪು ಸುಲ್ತಾನ ತನ್ನ ರಾಜ್ಯದಲ್ಲಿ ಮದ್ಯವನ್ನು ನಿಲ್ಲಿಸಲು ಹೊರಟವನು. 1927ರ ಬೇಸಿಗೆಯಲ್ಲಿ ಆರೋಗ್ಯ ಕೆಟ್ಟು ವಿಶ್ರಾಂತಿಗೆಂದು ಬಂದು ತಂಗಿದ, 1936ರಲ್ಲಿ ಮತ್ತೊಮ್ಮೆ ಬಂದ ಗಾಂಧೀಜಿಯವರ ಪಾನನಿರೋಧದ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಕೆಳಗೆ ನೋಡಿದರೆ ಎಕರೆಗಟ್ಟಲೆ ದ್ರಾಕ್ಷಿಯ ತೋಟ, ವೈನಿನ ಕಾರ್ಖಾನೆ!

ಈ ಸೀಮೆಯನ್ನು ಒಂದು ಸುತ್ತು ಹಾಕಿ ಬರೋಣವೆಂದು ಕಳೆದ ಫೆಬ್ರವರಿಯ ಒಂದು ಶನಿವಾರ ನಾವು ನಾಲ್ವರು ಮಿತ್ರರು ಎರಡು ಮೋಟಾರ್ ಸೈಕಲ್ಲುಗಳ ಮೇಲೆ ಹೊರಟೆವು. ಎರಡರಲ್ಲಿ ಒಂದು ಹೊಸದು. ಇನ್ನೊಂದು ಇತಿಹಾಸದ ಅಧ್ಯಾಪಕ ಮಿತ್ರರು ತಂದೆಯವರಿಂದ ಪಡೆದ ಜಾವಾ, ನಮ್ಮ ಮೈಸೂರಿನಲ್ಲೇ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಅದರ ಸದ್ದಿಗೆ ಮಾತ್ರ ಇನ್ನೂ ಬೀದಿಯ ಜನ ಹೊರಳಿ ನೋಡುತ್ತಾರೆ. ವಾಹನ ನಡೆಸುವವರು ದ್ರಾಕ್ಷಾರಸವನ್ನು ಮುಟ್ಟಕೂಡದೆಂದು ಹೊರಡುವ ಮೊದಲೇ ಕರಾರಾಗಿತ್ತು. ನಾನು ಹಿಂದಿನ ಸೀಟಿನವನು. ಹಿಂದೆ ಕುಳಿತವನಿಗೆ ಇಕ್ಕೆಲಗಳನ್ನು ನೋಡುವ ಬಿಡುವುಂಟು.

ಯಲಹಂಕ ದಾಟಿ ದೊಡ್ಡಬಳ್ಳಾಪುರದ ದಾರಿ ಹಿಡಿದವರು ಮೊದಲು ಹೆಸರಘಟ್ಟದ ಕಡೆಗೆ ತಿರುಗಿದೆವು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಬರುವ ಅರ್ಕಾವತಿಗೆ ಇಲ್ಲಿ 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಕೆರೆ ಕಟ್ಟಿದರು. ಬೆಂಗಳೂರಿನವರು ಮೊಟ್ಟಮೊದಲು ನಲ್ಲಿ ತಿರುಗಿಸಿ ಕುಡಿದದ್ದು ಈ ನೀರನ್ನು. ಅದು ಸಾಲದಾದಾಗ ಅದೇ ನದಿಗೆ ಇನ್ನೂ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಇನ್ನೊಂದು ಜಲಾಶಯವಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿ ಬಂದಳು. ಎಂಬತ್ತು ವರ್ಷ ಈ ನಗರವನ್ನು ಸಾಕಿದ್ದು ಮುಖ್ಯವಾಗಿ ನಂದಿಯ ನೀರು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ನೆನೆಯುತ್ತಾರೆ? ನಾವು ಹೋದಾಗ ಕೆರೆಯಂಗಳದ ಬಹುಭಾಗ ಹುಲ್ಲುಗಾವಲು. ದನಗಳು ನಿಶ್ಚಿಂತೆಯಿಂದ ಮೇಯುತ್ತಿದ್ದವು.

ಅಲ್ಲಿಂದ ಮುಂದಕ್ಕೆ, ದೊಡ್ಡಬಳ್ಳಾಪುರವನ್ನು ದಾಟಿದ ಮೇಲೆ, ತಂತಿಯ ಸಾಲುಗಳಿಗೆ ಹಬ್ಬಿಸಿದ ವೈನಿನ ದ್ರಾಕ್ಷಿ ಕಾಣತೊಡಗಿತು. ಇದಕ್ಕೆ ನಾಂದಿ ಹಾಡಿದವರು ಕನ್ವಲ್ ಗ್ರೋವರ್ ಎಂಬ ಉದ್ಯಮಿ. ಫ್ರಾನ್ಸಿನ ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ಸಲಹೆಯಿಂದ ಈ ನೆಲವನ್ನು ಆರಿಸಿ, 1988ರಲ್ಲಿ ಕಂಪೆನಿ ಸ್ಥಾಪಿಸಿ, 1992ರಲ್ಲಿ ಮೊದಲ ವೈನನ್ನು ಹೊರತಂದರು. ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಕೆಮ್ಮಣ್ಣು: ಇವಿಷ್ಟು ಈ ಬೆಟ್ಟದ ನೆರಳಿನ ಗುಣಗಳು. 2007ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ವೈನ್ ನೀತಿಯನ್ನೇ ತಂದು, ದ್ರಾಕ್ಷಾರಸಕ್ಕಾಗಿ ಒಂದು ಮಂಡಳಿಯನ್ನೂ ಮಾಡಿತು.

‘ದ್ರಾಕ್ಷಾರಸ’ ಎಂಬ ಮಾತನ್ನು ಕೇಳಿ ನಮ್ಮ ರಸಾಯನಶಾಸ್ತ್ರದ ಮಿತ್ರರು ನಕ್ಕರು. ಹುಳಿಬಂದ ಮದ್ಯವನ್ನು ಹಣ್ಣಿನ ರಸವೆಂದು ಕರೆದು ಮರ್ಯಾದೆ ತೊಡಿಸಿದ್ದಾರೆಂದು ಅವರ ಆಕ್ಷೇಪ. ಕನ್ನಡ ಮೇಷ್ಟರಾದ ನಾನು ಸರ್ಕಾರದ ಪಕ್ಷ ವಹಿಸಬೇಕಾಯಿತು. ಕನ್ನಡ ಬೈಬಲ್ ಓದಿದವರಿಗೆ ಈ ಅರ್ಥದಲ್ಲಿ ಈ ಮಾತು ಹೊಸದಲ್ಲ. ಅದಕ್ಕೂ ಹಿಂದೆ ಹೋದರೆ, ಕೌಟಿಲ್ಯನು ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಕಡೆ, ‘ಮಧು’ವೆಂದರೆ ದ್ರಾಕ್ಷಿಯ ರಸವೆಂದೇ ಲಕ್ಷಣ ಹೇಳಿ, ಅದರ ಬಗೆಗಳಿಗೆ ಹುಟ್ಟಿದ ದೇಶದಿಂದಲೇ ಹೆಸರೆಂದು ವಿವರಿಸಿದ್ದಾನೆ. ಅವನು ಹೆಸರಿಸುವ ಕಾಪಿಶಾಯನ ಇಂದಿನ ಕಾಬೂಲಿನ ಸುತ್ತಣ ಕಪಿಶೆಯದು. ಫ್ರೆಂಚರು ಊರಿನ ಹೆಸರಿನಿಂದ ವೈನನ್ನು ಕರೆಯುವುದನ್ನು ದೊಡ್ಡ ನಾಗರಿಕತೆಯೆಂದು ಕೊಂಡಾಡುವವರು ಇದನ್ನು ಗಮನಿಸಬೇಕು. ಈ ಗ್ರಂಥ ನಮಗೆ ದೊರೆತದ್ದಾದರೂ ಎಲ್ಲಿ? ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ. ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು.

ಆದರೆ ಕೌಟಿಲ್ಯನ ದ್ರಾಕ್ಷಿ ವಾಯವ್ಯದ ಚಳಿನಾಡಿನದು. ದಕ್ಖನಿನ ಸಂಗತಿಯೇ ಬೇರೆ. 14ನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದಿದ್ದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ, ಅಲ್ಲಿ ದ್ರಾಕ್ಷಿ ದಾಳಿಂಬೆಗಳು ವರ್ಷಕ್ಕೆ ಎರಡು ಬಾರಿ ಫಲಿಸುವುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಈ ಎರಡು ಬಾರಿ ಎಂಬುದರಲ್ಲೇ ನಮ್ಮ ದ್ರಾಕ್ಷಿಯ ಗುಟ್ಟಿದೆ. ಯೂರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆಯುದುರಿಸಿ ನಿದ್ರೆ ಹೋಗುತ್ತದೆ. ಇಲ್ಲಿ ಅಂಥ ಚಳಿಯಿಲ್ಲ, ಬಳ್ಳಿಗೆ ನಿದ್ರೆಯೂ ಇಲ್ಲ. ಮನುಷ್ಯನೇ ಕತ್ತರಿ ಹಿಡಿದು ಅದರ ಋತುವನ್ನು ತಿದ್ದಬೇಕು. ಬೇಸಿಗೆಯಲ್ಲಿ ಒಮ್ಮೆ ಬುಡದವರೆಗೆ ಸವರುತ್ತಾರೆ. ಆಗ ಬರುವ ಹೊಸ ಕಡ್ಡಿಯಲ್ಲಿ ಹಣ್ಣಿನ ಮೊಗ್ಗು ಕಟ್ಟುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಆ ಕಡ್ಡಿಯ ತುದಿ ಕತ್ತರಿಸಿದರೆ ಮೊಗ್ಗು ಒಡೆದು ಫೆಬ್ರವರಿ-ಮಾರ್ಚಿಗೆ ಗೊಂಚಲು. ವೈನಿನ ತಳಿಗಳಿಗೆ ಮಳೆಯ ಬೂಷ್ಟು ರೋಗ ಆಗಿಬಾರದ್ದರಿಂದ ಎರಡು ಸಾರಿ ಸವರಿ ಒಂದೇ ಬೆಳೆ ತೆಗೆಯುತ್ತಾರೆ.

ಎರಡು ಬೆಳೆ ಕೊಡುವ ಗಟ್ಟಿಗ ಬೇರೊಬ್ಬನುಂಟು: ಬೆಂಗಳೂರು ಬ್ಲೂ, ನಮ್ಮ ಸಂತೆಗಳ ಕಪ್ಪು ದ್ರಾಕ್ಷಿ. ಬೀಜ ದೊಡ್ಡದು, ಸಿಪ್ಪೆ ದಪ್ಪ, ವಾಸನೆ ಮೂಗಿಗೆ ಹೊಡೆಯುವಂಥದು. ಕುಲ ನೋಡಿದರೆ ಇವನಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಬೆರೆತಿದೆ. ಮಳೆಗೆ ಹೆದರದಿರುವುದೂ ಅದರಿಂದಲೇ. ನೂರೈವತ್ತು ವರ್ಷಗಳಿಂದ ಬೆಂಗಳೂರು-ಕೋಲಾರ-ಚಿಕ್ಕಬಳ್ಳಾಪುರದ ರೈತರು ಕಲ್ಲುಕಂಬದ ಚಪ್ಪರ ಹಾಕಿ ಸಾಕಿದ ಈ ಪರದೇಶಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಿತ್ತು. ವೈನಿನ ರಸಿಕರು ಇವನನ್ನು ಹೀಗಳೆಯುತ್ತಾರೆ. ಅಗ್ಗದ ಸಿಹಿ ವೈನು, ಜಾಮು, ಷರಬತ್ತು, ಇವೇ ಇವನ ಪಾಲು. ಆದರೂ ಈ ನಾಡಿನ ದ್ರಾಕ್ಷಿ ಯಾವುದೆಂದು ಯಾರಾದರೂ ಕೇಳಿದರೆ ನನ್ನ ಓಟು ಇವನಿಗೇ.

ಆ ರಾತ್ರಿ ಚಿಕ್ಕಬಳ್ಳಾಪುರದಲ್ಲಿ ತಂಗಿ, ಭಾನುವಾರ ಬೆಳಕು ಹರಿಯುವ ಮುನ್ನವೇ ಬೆಟ್ಟ ಹತ್ತಿದೆವು. ನಮಗಿಂತ ಮೊದಲೇ ನೂರಾರು ಮೋಟಾರ್ ಸೈಕಲ್ಲುಗಳು ಬಾಗಿಲ ಬಳಿ ಸಾಲು ನಿಂತಿದ್ದವು. 1791ರ ಅಕ್ಟೋಬರಿನಲ್ಲಿ ಕಾರ್ನವಾಲಿಸನ ಸೈನ್ಯ ಇದೇ ಕೋಟೆಯನ್ನು ಹಿಡಿಯಲು ವಾರಗಟ್ಟಲೆ ಮುತ್ತಿಗೆ ಹಾಕಿ, ತೋಪುಗಳನ್ನು ಇಳಿಜಾರಿನಲ್ಲಿ ಎಳೆದು ತರಬೇಕಾಯಿತು. ಮುಂದೆ ಕಮಿಷನರ್ ಕಬ್ಬನ್ ಸಾಹೇಬರು ಇಲ್ಲಿ ಬೇಸಿಗೆಯ ಮನೆ ಮಾಡಿಕೊಂಡರು. ಮೇಲೆ ಮಂಜು ನೋಡಿ, ಕಾಫಿ ಕುಡಿದು, ಇಳಿದು ಭೋಗನಂದೀಶ್ವರನ ಗುಡಿಗೆ ಬಂದೆವು.

9ನೆಯ ಶತಮಾನದ ಆರಂಭದ ಶಾಸನಗಳಲ್ಲೇ ಉಲ್ಲೇಖವಿರುವ ದೇವಾಲಯವಿದು. ಬಾಣರ ರಾಣಿ ರತ್ನಾವಳಿ ಕಟ್ಟಿಸಿದಳೆಂದು ಪ್ರಸಿದ್ಧಿ. ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರು ಸೇರಿಸುತ್ತ ಹೋದರು. ಕಪ್ಪು ಕಲ್ಲಿನ ಕಂಬಗಳ ಕಲ್ಯಾಣಮಂಟಪದ ಬಳ್ಳಿಯ ಕೆತ್ತನೆಯ ಮುಂದೆ ನಮ್ಮ ಇತಿಹಾಸದ ಮಿತ್ರರು ಅರ್ಧ ಗಂಟೆ ಅಲುಗಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶೃಂಗಿತೀರ್ಥವೆಂಬ ಕಲ್ಯಾಣಿ. ದಕ್ಷಿಣ ಪಿನಾಕಿನಿ ಇಲ್ಲಿಯೇ ಹುಟ್ಟಿತೆಂದು ಐತಿಹ್ಯ. ನದಿಯ ಹುಟ್ಟನ್ನು ಕಲ್ಲು ಕಟ್ಟಿ, ಮೆಟ್ಟಿಲಿಟ್ಟು, ದೀಪ ಹಚ್ಚಿ ಕಾಯ್ದವರು ಭೋಗವೆಂದರೆ ಏನೆಂದು ಬಲ್ಲವರೇ ಸರಿ: ಅದಕ್ಕೆ ಮೊದಲು ನೀರು ಬೇಕು.

ಗುಡಿಯಿಂದ ತುಸು ದೂರದಲ್ಲೇ ಒಂದು ಚಪ್ಪರ. ಹಿರಿಯ ರೈತರೊಬ್ಬರು ಮಗನೊಡನೆ ಕಪ್ಪು ಗೊಂಚಲುಗಳನ್ನು ಕತ್ತರಿಸಿ ಕ್ರೇಟಿಗೆ ತುಂಬುತ್ತಿದ್ದರು. ನಮ್ಮನ್ನು ಕರೆದು ಹಣ್ಣು ಕೊಟ್ಟರು. ಮೂರು ಎಕರೆ ಚಪ್ಪರವಿದ್ದದ್ದು ಈಗ ಒಂದಾಗಿದೆಯಂತೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ದಳ್ಳಾಳಿಗಳು ವಾರಕ್ಕೊಬ್ಬರು ಬಂದು ಬೆಲೆ ಕೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಕೊಳವೆಬಾವಿ. ಸಾವಿರ ಅಡಿ ದಾಟಿದರೂ ಎರಡು ಬರಿದಾದವು.

“ಬಾವೀಲಿ ಕಪಿಲೆ ಹೊಡೆದು ನೀರು ಕಟ್ಟಿದೋನು ನಮ್ಮಪ್ಪ,” ಎಂದರು. “ಈಗ ನಿಮ್ ಬೆಂಗಳೂರಿನ ನೀರೇ ನಮ್ ಕೆರೆಗೆ ಬತ್ತಾ ಅದೆ ಸ್ವಾಮಿ.”

ಅವರು ಹೇಳಿದ್ದು ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯನ್ನು. ಬೆಂಗಳೂರಿನ ಕೊಳಚೆಯನ್ನು ಶುದ್ಧಿಮಾಡಿ ಕೊಳವೆಯಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಮೊದಲಾದ ಕೆರೆಗಳಿಗೆ ಏರಿಸಿ ತುಂಬಿಸುತ್ತಾರೆ. ಅರ್ಕಾವತಿ ಯಾವ ದಿಕ್ಕಿಗೆ ಇಳಿದು ಹೋಗುತ್ತಿತ್ತೋ ಅದಕ್ಕೆ ಎದುರಾಗಿ ಈಗ ಪಂಪಿನ ಬಲದಿಂದ ನೀರು ಹತ್ತಿ ಬರುತ್ತಿದೆ.

ಆ ನೀರನ್ನು ದ್ರಾಕ್ಷಿಗೆ ಕಟ್ಟುತ್ತೀರಾ ಎಂದು ರಸಾಯನಶಾಸ್ತ್ರದ ಮಿತ್ರರು ಕೇಳಿದರು.

“ಎಲ್ಲಿ ಸ್ವಾಮಿ! ಕೆರೆಗೆ ಪಂಪು ಇಡಂಗಿಲ್ಲ. ಅದು ಇಂಗಿ, ನೆಲದಾಗೆ ಇಳಿದು, ಬೋರಿಗೆ ಬಂದಷ್ಟು ನಮ್ಮದು,” ಎಂದು ಹೇಳಿ, ಅವರು ಮುಂದಿನ ಗೊಂಚಲಿಗೆ ಕತ್ತರಿ ಹಾಕಿದರು.