ನಡೆಸು

ಕನ್ನಡದ ಕ್ರೈಸ್ತ ಮನೆಗಳಲ್ಲಿ ಪ್ರಾರ್ಥನೆಯ ವೇಳೆಗೆ ನಾಲಗೆಯ ಮೇಲೆ ಉರುಳಿ ಉರುಳಿ ನುಣುಪಾದ ಕ್ರಿಯಾಪದ ಯಾವುದೆಂದು ಯಾರಾದರೂ ಕೇಳಿದರೆ, ಹಿಂದುಮುಂದು ನೋಡದೆ ‘ನಡೆಸು’ ಎಂದೇನು. ಮಗನ ಉದ್ಯೋಗಕ್ಕೆ, ಮಗಳ ವಿವಾಹಕ್ಕೆ, ಕಡಲು ದಾಟಿ ಈ ನ್ಯೂಜಿಲೆಂಡಿಗೆ ಬಂದು ಬೇರೂರಲೆಣಿಸುವ ನಮ್ಮಂಥವರಿಗಾದರೆ ವೀಸಾದ ಅರ್ಜಿಗೆ ಸಹ, ‘ದೇವರು ನಡೆಸಿದ ಹಾಗೆ’ ಎಂಬ ಮಾತು ಕೊನೆಗೆ ಮುದ್ರೆಯಂತೆ ಬಂದು ಬೀಳುತ್ತದೆ. ‘ಮಾರ್ಗದರ್ಶನ’ವೆಂಬ ಗಂಭೀರ ತತ್ಸಮವು ಪ್ರಸಂಗಪೀಠದ ಮೇಲೆ ಆಸೀನವಾಗಿರುವುದೇನೋ ನಿಜ, ಅಡುಗೆಮನೆಯವರೆಗೆ ಬರತಕ್ಕದ್ದು ‘ನಡೆಸುವಿಕೆ’ಯೇ.

ಈ ಶಬ್ದದ ಸಂಸಾರ ದೊಡ್ಡದು. ಅಂಗಡಿ ನಡೆಸುತ್ತೇವೆ, ಮದುವೆ ನಡೆಸುತ್ತೇವೆ, ಕೊಟ್ಟ ಮಾತನ್ನು ನಡೆಸಿಕೊಡುತ್ತೇವೆ, ಇಲ್ಲವೆ ನಡೆಸಿಕೊಡದೆ ತಲೆಮರೆಸಿಕೊಳ್ಳುತ್ತೇವೆ. ಮೂಲವಾದ ‘ನಡೆ’ಗೆ ಕಾಲಿನ ಗತಿಯೂ ಅರ್ಥ, ಬಾಳಿನ ರೀತಿಯೂ ಅರ್ಥ. ಅದಕ್ಕೆ ಪ್ರೇರಣಾರ್ಥಕ ಪ್ರತ್ಯಯ ಹತ್ತಿತೆಂದರೆ ಇಬ್ಬರು ಬೇಕಾಗುತ್ತದೆ: ನಡೆಸುವವನೊಬ್ಬ, ನಡೆಯುವವನೊಬ್ಬ. ‘ಹೊತ್ತೊಯ್ಯು’ ಎಂಬಲ್ಲಿ ಒಬ್ಬನ ಕಾಲು ಸಾಕು; ‘ನಡೆಸು’ವಲ್ಲಿ ಸವೆಯುವ ಕಾಲು ಎರಡನೆಯವನದೂ ಹೌದು.

ಕುರಿಯನ್ನೇ ಕಾಣದಿದ್ದ ಈ ದ್ವೀಪಗಳ ಮಾವೊರಿ ಭಾಷೆಗೆ ಬೈಬಲ್ಲನ್ನು ತಂದವರು ಇಂಗ್ಲಿಷಿನ ಕುರುಬನನ್ನೇ ‘ಹೇಪರಾ’ ಎಂದು ಮಾಡಿ ಒಳಕ್ಕೆ ಬಿಟ್ಟುಕೊಂಡರು. ನಮ್ಮ ಅನುವಾದಕರಿಗೆ ಕಂಬಳಿ ಹೊದ್ದ ಕುರುಬನು ಸಿದ್ಧನಾಗಿಯೇ ಇದ್ದನು. ನಡೆಸುವುದಕ್ಕೆ ಮಾತ್ರ ಮಾವೊರಿಯಲ್ಲಿ ‘ಆರಾಹಿ’ ಎಂಬ ಸ್ವಂತ ಪದವಿದ್ದಿತು. ಈಗ ಇಲ್ಲಿ ಕುರಿಗಳಿಗೆ ಕೊರತೆಯಿಲ್ಲ. ಆದರೆ ಯೋಹಾನನ ಸುವಾರ್ತೆಯ ಕುರುಬನು ಮುಂದೆ ನಡೆದರೆ, ಇಲ್ಲಿಯ ಗುಡ್ಡಗಳಲ್ಲಿ ‘ಹಂಟವೇ’ ಎಂಬ ನಾಯಿ ಹಿಂದಿನಿಂದ ಗಂಟಲು ಹರಿಯುವಂತೆ ಬೊಗಳಿ ಮಂದೆಯನ್ನು ಮೇಲಕ್ಕೆ ಅಟ್ಟುತ್ತದೆ. ಇದಕ್ಕೆ ‘ನಡೆಸು’ ಎನ್ನಲು ನನಗೆ ಮನಸ್ಸಿಲ್ಲ. ‘ಅಟ್ಟು’ ಎಂಬುದೇ ಸರಿ. ದೇವರ ಸ್ಪಷ್ಟವಾದ ನಡೆಸುವಿಕೆ ಬೇಕೆಂದು ಹಂಬಲಿಸುವ ನಮ್ಮಲ್ಲಿ ಅನೇಕರು ಕಾಯುತ್ತಿರುವುದು, ಯೋಚಿಸಿ ನೋಡಿದರೆ, ಈ ಬೊಗಳುವಿಕೆಗಾಗಿಯೇ.

ಪರರನ್ನೇಕೆ ಅನ್ನಲಿ? ದಕ್ಷಿಣ ದ್ವೀಪದಲ್ಲಿ ದೊರೆಯಬಹುದಾಗಿದ್ದ ಒಂದು ಕೆಲಸಕ್ಕೆ ಹೋಗಲೋ ಬೇಡವೋ ಎಂದು ನಾನೊಮ್ಮೆ ಮೂರು ತಿಂಗಳು ಪ್ರಾರ್ಥಿಸಿ ಸೂಚನೆಗಾಗಿ ಕಾದೆನು. ಆ ಮೂರು ತಿಂಗಳೂ, ಆಸ್ತಿಯ ವಿಷಯದಲ್ಲಿ ಮನಸ್ತಾಪವಾಗಿದ್ದ ತಮ್ಮನಿಗೆ ಬರೆಯಬೇಕಾದ ಕಾಗದವು, ‘ಪ್ರಿಯ ತಮ್ಮನಿಗೆ’ ಎಂಬೆರಡು ಶಬ್ದಗಳಷ್ಟೇ ಆಗಿ, ಮೇಜಿನ ಮೇಲೆ ಚಹಾ ಲೋಟದ ಉಂಗುರವನ್ನು ಹೊತ್ತು ಬಿದ್ದಿತ್ತು. ಅದರ ವಿಷಯದಲ್ಲಿ ಆಜ್ಞೆ ಅತ್ಯಂತ ಸ್ಪಷ್ಟವಾಗಿದ್ದುದರಿಂದಲೇ ನಾನು ಅದನ್ನು ಕುರಿತು ಪ್ರಾರ್ಥಿಸಿರಲಿಲ್ಲ.

ಆ ದಿನಗಳಲ್ಲಿ ಮಾತಾಮಾತಾ ಕಡೆಯ ವೈರೆರೆ ಜಲಪಾತವನ್ನು ನೋಡಲು ಹೋಗಿದ್ದೆನು. 1836ರಲ್ಲಿ ಙಾಕುಕು ಎಂಬ ಮಾವೊರಿ ಗೃಹಸ್ಥನು (ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಙಕಾರಕ್ಕೆ ಈ ನಾಡಿನಲ್ಲಿ ಕೈತುಂಬ ಕೆಲಸ!) ಮಿಷನ್ ಶಾಲೆಯ ಮಕ್ಕಳನ್ನು ಕರೆದುಕೊಂಡು ತೌರಂಗಕ್ಕೆ ಹೊರಟು ಆ ಜಲಪಾತದ ಬಳಿ ತಂಗಿದ್ದನು. ರಾತ್ರಿ ರೋಟೊರುವಾ ಕಡೆಯ ದಾಳಿಗಾರರು ಮೇಲೆ ಬಿದ್ದರು. ಹನ್ನೆರಡು ವರ್ಷದ ಮಗಳು ತಾರೋರೆ ಹತಳಾದಳು. ಅವಳ ಬಳಿಯಿದ್ದ ಮಾವೊರಿ ಲೂಕನ ಸುವಾರ್ತೆ ಹಂತಕರ ಪಾಲಾಯಿತು. ರಕ್ತಕ್ಕೆ ಪ್ರತಿಯಾಗಿ ರಕ್ತವನ್ನು ತೆಗೆಯುವ ‘ಉತು’ ಧರ್ಮವೆನಿಸಿದ್ದ ಕಾಲವದು. ಬಂಧುಗಳು ಆಯುಧ ಹಿಡಿಯಲು ಸನ್ನದ್ಧರಾಗಿದ್ದರು. ಮಗಳ ಶವದ ಮುಂದೆ ನಿಂತ ತಂದೆ ಪ್ರತೀಕಾರ ಬೇಡವೆಂದನು. ಯಾವ ದರ್ಶನಕ್ಕೂ ಅವನು ಕಾಯಲಿಲ್ಲ. ತಾನು ನಂಬಿದ ಸುವಾರ್ತೆಯಲ್ಲಿ ಇದ್ದುದನ್ನೇ ಮಾಡಿದನು. ಎಷ್ಟು ಕಷ್ಟದ ಹೆಜ್ಜೆಯದು!

ಊರಿಗೆ ಮರಳಿ ತಮ್ಮನ ಕಾಗದವನ್ನು ಮುಗಿಸಿ ಅಂಚೆಗೆ ಹಾಕಿದೆನು. ದಕ್ಷಿಣದ ಕೆಲಸ ಅಷ್ಟರಲ್ಲಿ ಬೇರೊಬ್ಬರ ಪಾಲಾಗಿತ್ತು.

ತಾರೋರೆಯ ಪುಸ್ತಕವೋ, ರೋಟೊರುವಾದಲ್ಲಿ ಓದುಬಲ್ಲ ರೀಪಾಹೌ ಎಂಬ ಸೆರೆಯಾಳಿನ ಕೈ ಸೇರಿತು. ಅವನ ಬಾಯಿಂದ ಅದನ್ನು ಕೇಳಿದ ಹಂತಕ ಉಯಿತಾ ಮುಂದೆ ಙಾಕುಕುವಿನ ಕ್ಷಮೆ ಬೇಡಿದನೆಂದು ಹೇಳುತ್ತಾರೆ. ಬಿಡುಗಡೆಯಾದ ರೀಪಾಹೌ ದಕ್ಷಿಣಕ್ಕೆ, ಓತಾಕಿಗೆ, ನಡೆದನು. ಪುಸ್ತಕವೂ ಅವನ ಹಿಂದೆಯೇ ಅಲ್ಲಿಗೆ ಬಂದಿತು. ಅಲ್ಲಿಯ ಇಬ್ಬರು ತರುಣರು ಅವನಿಂದ ಓದು ಕಲಿತರು.