‘ಒಡನಾಡಿ’: ಒಂದು ಸೇವಾಸಂಸ್ಥೆಯ ಬೆಳವಣಿಗೆಯೂ ಅದರ ಹೆಸರಿನ ಅರ್ಥವೂ

ದೀನರ ಸೇವೆಗೆಂದು ಹುಟ್ಟಿದ ಸಂಸ್ಥೆಗಳ ಚರಿತ್ರೆಯನ್ನು ಅವುಗಳ ವರದಿಗಳಿಂದ ತಿಳಿಯುವುದು ವಾಡಿಕೆ. ಅವು ತಮಗೆ ಇಟ್ಟುಕೊಂಡ ಹೆಸರುಗಳೂ ಚರಿತ್ರೆಗೆ ಆಧಾರಗಳೇ. ಸೇವೆ ಮಾಡುವವನು ಸೇವೆ ಪಡೆಯುವವಳನ್ನು ಯಾವ ದೃಷ್ಟಿಯಿಂದ ಕಂಡನೆಂಬುದು ಹೆಸರಿನಲ್ಲಿ ತಾನಾಗಿಯೇ ಹೊರಬೀಳುವುದು. ಮಾನವವಿಕ್ರಯಕ್ಕೆ ಸಿಕ್ಕಿ ಪಾರಾದ ಹೆಣ್ಣುಮಕ್ಕಳಿಗಾಗಿ ಕನ್ನಡನಾಡಿನಲ್ಲಿ ನಡೆದ ಕೆಲಸವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆ ಆಜ್ಞೆಯ ಮುಖ್ಯ ಗುರಿ ದೇವಸ್ಥಾನದ ಶುದ್ಧಿಯೇ ಹೊರತು ಅಲ್ಲಿಂದ ಹೊರಬಂದವಳ ಮುಂದಿನ ಬಾಳಲ್ಲ. ಸ್ವಾತಂತ್ರ್ಯಾನಂತರ ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ಕ್ರಯವಿಕ್ರಯವನ್ನು ನಿಷೇಧಿಸಿತು. 1956ರಲ್ಲಿ ಸಂಸತ್ತು ಅನೈತಿಕ ವ್ಯಾಪಾರದ ‘ನಿಗ್ರಹ’ಕ್ಕೆ ಶಾಸನ ಮಾಡಿತು. 1986ರ ತಿದ್ದುಪಡಿಯಲ್ಲಿ ‘ನಿಗ್ರಹ’ವೆಂಬ ಮಾತು ಹೋಗಿ ‘ತಡೆ’ಯೆಂಬ ಮಾತು ಬಂದಿತು. ಹೆಸರು ಮೃದುವಾದರೂ ಒಂದು ವಿರೋಧ ಉಳಿಯಿತು. ಶಾಸನವು ಹೆಣ್ಣನ್ನು ಮಾರಿದವನನ್ನು ದಂಡಿಸುವಂತೆಯೇ, ಬೀದಿಯಲ್ಲಿ ಗಿರಾಕಿಯನ್ನು ಕರೆದ ಹೆಣ್ಣನ್ನೂ ದಂಡಿಸುತ್ತಿತ್ತು. ಒಬ್ಬಳೇ ಒಂದು ಪುಟದಲ್ಲಿ ನೊಂದವಳು, ಇನ್ನೊಂದು ಪುಟದಲ್ಲಿ ಅಪರಾಧಿ. ಅವಳಿಗಾಗಿ ಏರ್ಪಟ್ಟ ನೆಲೆಗೆ ‘ರಕ್ಷಣಾಗೃಹ’ವೆಂದು ಹೆಸರು, ಆದರೆ ಅದರ ಬೀಗದ ಕೈ ಅವಳ ಬಳಿಯಲ್ಲಿರಲಿಲ್ಲ.

ಇಂತಹ ಸನ್ನಿವೇಶದಲ್ಲಿ 1990ರಲ್ಲಿ ಮೈಸೂರಿನಲ್ಲಿ ‘ಒಡನಾಡಿ’ ಸೇವಾಸಂಸ್ಥೆ ಹುಟ್ಟಿತು. ಸ್ಥಾಪಕರಾದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಇಬ್ಬರೂ ಪತ್ರಿಕೋದ್ಯೋಗಿಗಳು. ಮಠ, ಪಂಥ, ಸಿರಿತನಗಳ ಬೆಂಬಲದಿಂದ ಹೊರಟವರಲ್ಲ. ವೇಶ್ಯಾವೃತ್ತಿಗೆ ಬಿದ್ದಿದ್ದ ಹೆಣ್ಣುಮಗಳೊಬ್ಬಳ ಬಾಳಿನ ಪರಿಚಯದಿಂದ ಅವರ ಕೆಲಸ ಮೊದಲಾಯಿತು. ಬರೆದು ಬಿಡುವುದರಿಂದ ತೀರದ ಋಣವೊಂದು ಬರಹಗಾರನನ್ನು ಬರಹದ ಆಚೆಗೆ ಎಳೆದ ಉದಾಹರಣೆಯೆಂದು ಇದನ್ನು ಎಣಿಸಬಹುದು.

ಸಂಸ್ಥೆಯು ಬೆಳೆದ ಬಗೆಯಲ್ಲಿ ಒಂದು ತರ್ಕವಿದೆ. ತಾಯಂದಿರ ಒಡನಾಟದಿಂದ ಅವರ ಮಕ್ಕಳ ಪ್ರಶ್ನೆ ಎದ್ದಿತು. ಮಕ್ಕಳಿಗೆ ನೆಲೆ, ಅನ್ನ, ಓದು ಬೇಕಾದುವು. ಹೊಸದಾಗಿ ಮಾರಾಟವಾಗಿ ಬರುವ ಬಾಲೆಯರನ್ನು ಕಂಡ ಮೇಲೆ ಪೊಲೀಸರೊಡನೆ ಹೋಗಿ ಬಿಡಿಸುವ ಕೆಲಸವು ಅನಿವಾರ್ಯವಾಯಿತು. ಬಿಡಿಸಿ ತಂದವಳಿಗೆ ಕಸುಬು ಇಲ್ಲದಿದ್ದರೆ ಬಿಡುಗಡೆ ನಾಲ್ಕು ದಿನದ್ದು. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವಾಗ ಅವಳ ಬೆನ್ನಿಗೆ ಯಾರೂ ಇಲ್ಲದಿದ್ದರೆ ಮಾರಿದವನು ಬಿಡುಗಡೆ ಹೊಂದಿ ಮತ್ತೊಬ್ಬಳನ್ನು ಹುಡುಕುವನು. ಆದುದರಿಂದ ಕಸುಬಿನ ಶಿಕ್ಷಣವೂ ನ್ಯಾಯಾಲಯದ ನೆರವೂ ಕೂಡಿಕೊಂಡುವು. ಮೈಸೂರಿಗೆ ಯೋಗಾಭ್ಯಾಸಕ್ಕೆಂದು ಬಂದ ಪರದೇಶದವರಲ್ಲಿ ಕೆಲವರು ಸಂಸ್ಥೆಗೆ ಒದಗಿದುದರಿಂದ ಇಂಗ್ಲೆಂಡಿನಲ್ಲಿಯೂ ಅದಕ್ಕೆ ಬೆಂಬಲಿಗರಾದರು.

ಹೆಸರಿನ ವಿಚಾರವನ್ನು ಈಗ ನೋಡೋಣ. ಒಡನೆ ಆಡುವವನು ಒಡನಾಡಿ. ‘ಕಾಡಾಡಿ’ಯಂತೆ ಕರ್ತೃವನ್ನು ಸೂಚಿಸುವ ರೂಪ. ಒಡಹುಟ್ಟು, ಒಡಗೂಡು, ಎಲ್ಲೆಲ್ಲಿಯೂ ಕನ್ನಡದ ಮನಸ್ಸು ‘ಒಡನೆ’ ಎಂಬಲ್ಲಿ ಸಮಾನತೆಯನ್ನು ಕಾಣುತ್ತದೆ. ಉದ್ಧಾರವೆಂಬ ಮಾತಿನಲ್ಲಿ ಮೇಲಿರುವವನೊಬ್ಬ, ಕೆಳಗಿರುವವಳೊಬ್ಬಳು ಇದ್ದೇ ಇರಬೇಕು. ಒಡನಾಡಿಯೆಂಬಲ್ಲಿ ಇಬ್ಬರೂ ಒಂದೇ ನೆಲದ ಮೇಲೆ ನಿಂತಿರುವರು.

ಈ ಸಮಾನತೆಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದವರು ಬೆಳಗಾವಿ ಸೀಮೆಯ ಹೆಂಗಸರು. 1982ರ ದೇವದಾಸಿ ಸಮರ್ಪಣ ನಿಷೇಧ ಶಾಸನ 1984ರಲ್ಲಿ ಜಾರಿಗೆ ಬಂದು, ಮಗಳನ್ನು ಸಮರ್ಪಿಸಿದ ತಂದೆತಾಯಿಗಳಿಗೆ ಎರಡರಿಂದ ಐದು ವರ್ಷಗಳ ಸೆರೆವಾಸವನ್ನು ವಿಧಿಸಿತು. ದಂಡನೆಯೊಂದರಿಂದಲೇ ಪದ್ಧತಿ ಅಳಿಯಲಿಲ್ಲ. 1991ರಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡಾ ಸಂಸ್ಥೆಯೂ ಕೂಡಿ ಪುನರ್ವಸತಿಯ ಕೆಲಸವನ್ನು ಕೈಗೊಂಡುವು. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರದೇ ಆದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಏರ್ಪಟ್ಟಿತು. ಬಾಲ್ಯದಲ್ಲಿ ತಾನೇ ದೇವರಿಗೆ ಬಿಡಲ್ಪಟ್ಟಿದ್ದ ಸೀತವ್ವ ಜೋಡಟ್ಟಿಯವರು ಅದರ ಮುಖ್ಯಸ್ಥೆಯಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಇಲ್ಲಿ ‘ಸಂರಕ್ಷಣೆ’ಯೆಂಬ ಹಳೆಯ ಪದವೇ ಉಳಿದಿದ್ದರೂ ಅರ್ಥ ತಿರುಗಿದೆ: ರಕ್ಷಿಸುವವರೂ ರಕ್ಷಣೆ ಪಡೆಯುವವರೂ ಅವರೇ.

ರಾಜ್ಯಶಾಸನವು ಈ ಅನುಭವದ ಹಿಂದೆ ನಿಧಾನವಾಗಿ ನಡೆದುಬಂದಿತು. ಕೇಂದ್ರ ಸರ್ಕಾರದ 2007ರ ‘ಉಜ್ವಲಾ’ ಯೋಜನೆಯು ತಡೆ, ಬಿಡುಗಡೆ, ಪುನರ್ವಸತಿ, ಸಮಾಜದಲ್ಲಿ ಮರುಸೇರ್ಪಡೆ, ಸ್ವದೇಶಕ್ಕೆ ಕಳುಹಿಸುವಿಕೆ ಎಂಬ ಐದು ಅಂಗಗಳನ್ನು ಒಪ್ಪಿತು. ವಿಶ್ವಸಂಸ್ಥೆಯ 2000ದ ಒಡಂಬಡಿಕೆಯನ್ನು ಭಾರತವು 2011ರಲ್ಲಿ ಸ್ಥಿರೀಕರಿಸಿತು. 2013ರಲ್ಲಿ ದಂಡಸಂಹಿತೆಯಲ್ಲಿ ಮಾನವವಿಕ್ರಯಕ್ಕೆ ವಿಸ್ತಾರವಾದ ಲಕ್ಷಣವನ್ನು ಹೇಳಲಾಯಿತು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ರಕ್ಷಣಾಗೃಹಗಳಲ್ಲಿ ಇಚ್ಛೆಗೆ ವಿರುದ್ಧವಾಗಿ ಇರಿಸಲ್ಪಟ್ಟ ವಯಸ್ಕ ಸ್ತ್ರೀಯರನ್ನು ಗುರುತಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕೆಂದು ನಿರ್ದೇಶಿಸಿತು. ರಕ್ಷಣೆಯೂ ಸೆರೆಯಾಗಬಲ್ಲದೆಂಬುದು ಆಗ ನ್ಯಾಯಪೀಠದ ಮಾತಾಯಿತು.

ಹೀಗೆ ಶುದ್ಧಿಯಿಂದ ನಿಗ್ರಹಕ್ಕೆ, ನಿಗ್ರಹದಿಂದ ರಕ್ಷಣೆಗೆ, ರಕ್ಷಣೆಯಿಂದ ಒಡನಾಟಕ್ಕೆ ನಡೆದ ದಾರಿ ಶತಮಾನಕ್ಕೂ ಮಿಗಿಲಾದುದು. ಆದರೆ ಹಳೆಯ ಮೆಟ್ಟಿಲು ಹೊಸದರಲ್ಲಿ ಅಡಗಿಯೇ ಇರುತ್ತದೆ. ಒಡನಾಡಿಯೆಂದು ಹೆಸರಿಟ್ಟುಕೊಂಡ ಮಾತ್ರಕ್ಕೆ ಯಾರೂ ಒಡನಾಡಿಯಾಗರು. ಬಿಡಿಸಿ ತಂದವಳು “ನಾನು ಇಲ್ಲಿರಲಾರೆ” ಎಂದ ದಿನ ಬಾಗಿಲು ತೆರೆಯುವುದೋ ಇಲ್ಲವೋ ಎಂಬುದೇ ಆ ಹೆಸರಿಗೆ ಒರೆಗಲ್ಲು. ಈ ಬಗೆಯ ಸಂಸ್ಥೆಗಳ ಚರಿತ್ರೆಯನ್ನು ಮುಂದೆ ಬರೆಯುವವರು ಬಿಡಿಸಿದವರ ಲೆಕ್ಕದೊಡನೆ ಆ ಬಾಗಿಲಿನ ಚರಿತ್ರೆಯನ್ನೂ ಬರೆಯಬೇಕು.